ಅತ್ತರಿಲ್ಲದ ಹತ್ತಿ: ನಮ್ಮ ಬ್ಯಾಂಡು ಜರ್ಮನಿಗೆ ಹೋದದ್ದು

ಪರದೇಶಕ್ಕೆ ಹೋಗುವಾಗ ಹೊಸ ಅಥಣಿ ಚಪ್ಪಲಿ ಮೆಟ್ಟಿಕೊಂಡು ಹೋಗಬೇಡಿ. ಇದು ನನ್ನ ಮೊದಲನೆಯ ಸಲಹೆ. ಇನ್ನೂ ಹಲವು ಇವೆ, ದಾರಿಯುದ್ದಕ್ಕೂ ಕೊಡುತ್ತ ಹೋಗುತ್ತೇನೆ. ಬೇಕಾದದ್ದು ಇಟ್ಟುಕೊಳ್ಳಿ, ಬೇಡವಾದದ್ದನ್ನು ನೆರೆಮನೆಯವರಿಗೆ ಹೇಳಿ.

ನನಗೆ ನಿಪ್ಪಾಣಿಯಲ್ಲಿ ಒಂದು ಬ್ಯಾಂಡ್ ಕಂಪನಿ ಇದೆ. ಮದುವೆಯ ಮೆರವಣಿಗೆಯಲ್ಲಿ ಗ್ಯಾಸ್‌ಬತ್ತಿ ಹೊತ್ತು ಶುರು ಮಾಡಿದವನು ನಾನು. ಬತ್ತಿಯಿಂದ ದೊಡ್ಡ ಡ್ರಮ್ಮಿಗೆ ಬಂದೆ, ಡ್ರಮ್ಮಿನಿಂದ ಮಾಲಕತನಕ್ಕೆ ಏರಿದೆ. ಯಾರೂ ಕೈಹಿಡಿದು ಎತ್ತಲಿಲ್ಲ. ಎತ್ತಿದ್ದು ನನ್ನ ನಾಲಿಗೆ. ಎದುರಿನವನು ‘ಇಲ್ಲ’ ಎಂದ ಮೇಲೆಯೇ ಮಾತು ಶುರುವಾಗುತ್ತದೆ ಎಂದು ನಂಬಿ ಬದುಕಿದವನು. ಗಿರಾಕಿಗಳಿಗೆ ನಾನು ಕೊಡುತ್ತಿದ್ದ ಭರವಸೆಯೂ ಒಂದೇ: “ನಿಮ್ಮ ಮದುವಿ ಸಪ್ಪಳ ಗಡಿಮ್ಯಾಲಿನ ಕೊಗನೊಳ್ಳಿ ನಾಕಾದಾಗಿನ ಪೊಲೀಸಗ ಕೇಳಲಿಲ್ಲಂದ್ರ ನನ್ನ ಹೆಸರ ಬದಲ ಮಾಡ್ರಿ.”

ಆ ಸಪ್ಪಳದ ನಟ್ಟನಡುವೆ ಇಪ್ಪತ್ತೈದು ವರ್ಷ ನಿಂತವರು ಅಂಕಲಿಯ ದಸ್ತಗೀರ ಮಾಸ್ತರು. ಅವರದು ಕ್ಲಾರಿನೆಟ್ಟು. ಅವರ ಬೆನ್ನಿಗೆ ನಾಲ್ಕು ಟ್ರಂಪೆಟ್ಟು, ಟ್ರಂಪೆಟ್ಟುಗಳ ಬೆನ್ನಿಗೆ ನನ್ನ ಡ್ರಮ್ಮು. ಬಿಳಿ ಟೋಪಿ, ಕೆಂಪು ಕೋಟು, ಬಲಗಿವಿಯ ಮೇಲಿನ ಮಡಿಕೆಯಲ್ಲಿ ಸದಾ ಒಂದು ಚೂರು ಅತ್ತರಿನ ಹತ್ತಿ. ಮಾಸ್ತರು ಬಂದರೆ ಮೊದಲು ಮಲ್ಲಿಗೆ ಮೊಗ್ಗಿನ ವಾಸನೆ ಬರುತ್ತಿತ್ತು, ಆಮೇಲೆ ಮಾಸ್ತರು.

ಕಾಗವಾಡ

ನಮ್ಮ ಜರ್ಮನಿ ಪ್ರವಾಸ ನಿಜವಾಗಿ ಶುರುವಾದದ್ದು ಕಾಗವಾಡದ ಒಂದು ಮದುವೆಯಲ್ಲಿ. ತೊಂಬತ್ತರ ದಶಕದ ಆರಂಭದ ಮಾತು. ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹೊತ್ತು. ತಾಯಿ ಅಳುತ್ತಿದ್ದಾಳೆ, ಮಗಳು ಅಳುತ್ತಿದ್ದಾಳೆ, ಟೆಂಪೊ ಚಾಲಕನೂ ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಹೆಣ್ಣಿನ ಸೋದರಮಾವ ಎರಡೂ ಕೈ ಎತ್ತಿ ಕೂಗಿದ: “ಸಾಕ್ರಿ ಮಾಸ್ತರ, ಸಾಕು!”

ಮಾಸ್ತರು ತಲೆಯಾಡಿಸಿ, ಕ್ಲಾರಿನೆಟ್ಟನ್ನು ಆಕಾಶಕ್ಕೆತ್ತಿ, ವರನ ಗೆಳೆಯರು ಕುಣಿಯಲೆಂದು ಇಟ್ಟುಕೊಂಡಿದ್ದ ಧೂಳೆಬ್ಬಿಸುವ ಹಾಡನ್ನು ಶುರುಮಾಡಿಬಿಟ್ಟರು. ಗೆಳೆಯರು ಕುಣಿದೇ ಕುಣಿದರು. ತಾಯಿಯ ಅಳು ಅರ್ಧಕ್ಕೆ ನಿಂತಿತು. ಸೋದರಮಾವ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

“ಏನ್ ಮಾಡಿದ್ರಿ ಮಾಸ್ತರ?” ಎಂದೆ ಆಮೇಲೆ, ಬೇವಿನ ನೆರಳಿನಲ್ಲಿ.

“ಅವರು ಹಾಕು ಅಂದ್ರು, ನಾ ಹಾಕಿದ್ನಿ.”

“ಅವರು ಸಾಕು ಅಂದ್ರರೀ!”

“ಮದುವ್ಯಾಗ ಸಾಕು ಅಂತ ಯಾರ ಅಂತಾರ್ರಿ ಮಾಲಕ್ರ?” ಎಂದರು ಮಾಸ್ತರು, ನನ್ನ ಮೇಲೆಯೇ ಸಿಟ್ಟಾಗಿ. “ಇತ್ತಿತ್ಲಾಗ ಮಂದಿ ನೆಟ್ಟಗ ಮಾತಾಡೂದ ಬಿಟ್ಟಾರ. ಅಕ್ಷರ ತಿಂತಾರ. ಅಥಣ್ಯಾಗ ಚಪ್ಪಲಿ ಮಾಡವ್ರೂ ಮೋಸ ಮಾಡಾಕತ್ತಾರ. ಮೊದಲ ನೀವು ಓಣಿ ತುದಿಗೆ ಬಂದ್ರ ಕರ್ರ್ ಕರ್ರ್ ಅಂತ ನಿಮ್ಮ ಚಪ್ಪಲಿ ವರದಿ ಕೊಡತಿದ್ವು. ಈಗಿನವು ಮೂಕ ಚಪ್ಪಲಿ.”

ನಾನು ಎದ್ದು ಬೇವಿನ ಮರಕ್ಕೆ ಒಂದು ಸುತ್ತು ಹಾಕಿದೆ. ಕರ್ರ್ ಕರ್ರ್. ಇನ್ನೊಂದು ಸುತ್ತು. ಕರ್ರ್ ಕರ್ರ್. ನಮ್ಮ ಮುಖ್ಯ ಟ್ರಂಪೆಟ್ಟಿನ ಸಿದ್ರಾಮ ನೆಲ ನೋಡುತ್ತ ಕುಳಿತ. ಮಾಸ್ತರು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಮುಖದಿಂದಲೇ ಅವರಿಗೆ ಎಲ್ಲ ತಿಳಿಯಿತು.

ನನ್ನ ಕೈ ಹಿಡಿದು ಬದಿಗೆ ಕರೆದುಕೊಂಡು ಹೋದರು. “ಯಾರಿಗೂ ಹೇಳಬ್ಯಾಡ್ರಿ. ಕಿವುಡ ಕ್ಲಾರಿನೆಟ್ ಅಂದ್ರ ಚಿಕ್ಕೋಡಿಯಿಂದ ರಾಯಬಾಗ ತನಕ ಒಬ್ಬರೂ ಕರ್ಯಾಂಗಿಲ್ಲ. ಊದೂದ ನಿಂತ್ರ ನಾ ಯಾರ್ರಿ? ಅಂಕಲ್ಯಾಗ ಟೋಪಿ ಹಾಕ್ಕೊಂಡ ಕುಂತ ಒಬ್ಬ ಮುದುಕ, ಅಷ್ಟ.”

ನಾನು ಮಾತು ಕೊಟ್ಟೆ. ಕೊಟ್ಟ ವಾರಕ್ಕೇ ಕಾರ್ಲನ ಪತ್ರ ಬಂತು.

ಈ ಕಾರ್ಲ್ ಯಾರೆಂದರೆ, ರಾಯಬಾಗದ ಕಡೆಯ ಸಕ್ಕರೆ ಕಾರ್ಖಾನೆಯೊಂದಕ್ಕೆ ಯಂತ್ರ ಕೂಡಿಸಲು ಹಿಂದೆ ಬಂದಿದ್ದ ಜರ್ಮನ್ ಎಂಜಿನಿಯರ್. ಆರಡಿ ಆಳು. ತನ್ನ ಊರಿನ ಬ್ಯಾಂಡಿನಲ್ಲಿ ಹಂಡೆಯಷ್ಟು ದೊಡ್ಡ ಪಿತ್ತಾಳೆ ವಾದ್ಯ ಊದುವವನು. ಅಲಖನೂರಿನ ಮದುವೆಯೊಂದರಲ್ಲಿ ನಮ್ಮನ್ನು ಕೇಳಿ ಹುಚ್ಚಾಗಿದ್ದ. ತನ್ನ ಊರಲ್ಲಿ ಬ್ಯಾಂಡುಗಳ ಹಬ್ಬವಿದೆ, ಎಂಟು ಜನ ಬನ್ನಿ, ಹೋಗಿಬರುವ ಖರ್ಚೆಲ್ಲ ಊರಿನದೇ, ಕೊನೆಯ ದಿನ ಚೌಕದಲ್ಲಿ ಎರಡೂ ಬ್ಯಾಂಡು ಕೂಡಿ ನುಡಿಸೋಣ ಎಂದು ಬರೆದಿದ್ದ. ಕೆಳಗೆ ಒಂದು ಸಾಲು: ‘ಶುರುವನ್ನು ದಸ್ತಗೀರ ಒಬ್ಬನೇ ಮಾಡಬೇಕು. ನಾವು ನೂರು ಜನ ಅವನ ಹಿಂದೆ.’

ನೂರು ಜನ, ಅದೂ ಪಿತ್ತಾಳೆಯವರು, ಮಾಸ್ತರ ಬೆನ್ನಿಗೆ!

ವಿಮಾನದಲ್ಲಿ

ಎಂಟು ಜನ, ಏಳು ವಾದ್ಯದ ಪೆಟ್ಟಿಗೆ, ಒಂದು ಡ್ರಮ್ಮು, ಒಂದು ಚೀಲದ ತುಂಬ ಉಡುಗೊರೆಗೆಂದು ಅಥಣಿ ಚಪ್ಪಲಿ. ಡ್ರಮ್ಮಿನೊಳಗೆ ಚಟ್ನಿಪುಡಿ ಮತ್ತು ಕಟಕ ರೊಟ್ಟಿ. ಖಾಲಿ ಜಾಗವನ್ನು ಖಾಲಿಯಾಗಿ ಸಾಗಿಸಬೇಡಿ. ಇದು ಎರಡನೆಯ ಸಲಹೆ.

ವಿಮಾನ ಇಳಿಯಲು ಶುರುಮಾಡಿದಾಗ ಎಲ್ಲರ ಕಿವಿ ಮುಚ್ಚಿಕೊಂಡವು. ಸಿದ್ರಾಮ ಕಿರುಚಿದ: “ಮಾಲಕ್ರ, ನನ್ನ ಕಿವಿ ಹೋದ್ವು!” ನಾನು “ಏನು?” ಎಂದೆ. ಅವನು “ಏನಂದ್ರಿ?” ಎಂದ. ಹಿಂದಿನ ಸಾಲಿನಿಂದ ಸೈಡ್ ಡ್ರಮ್ಮಿನವನು “ಯಾರ ಹೋದ್ರು?” ಎಂದ. ನಾವು ಏಳು ಜನ ಒಬ್ಬರಿಗೊಬ್ಬರು ಕಬ್ಬಿನ ಗದ್ದೆಯ ಆಚೆ ದಂಡೆಗೆ ಕೂಗಿದಂತೆ ಕೂಗುತ್ತಿದ್ದೆವು. ಗಗನಸಖಿ ಓಡಿ ಬಂದು ಎಲ್ಲರ ಕೈಗೂ ಪೆಪ್ಪರಮೆಂಟು ಕೊಟ್ಟಳು.

ಆ ವಿಮಾನದಲ್ಲಿ ಅತ್ಯಂತ ಸಮಾಧಾನದಿಂದ ಕುಳಿತಿದ್ದ ಮನುಷ್ಯ ಎಂದರೆ ದಸ್ತಗೀರ ಮಾಸ್ತರು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಈಗ ಎಲ್ಲಾರೂ ನನ್ನ ಸಾಲಿಗೆ ಬಂದ್ರಿ ನೋಡ್ರಿ!” ಎಂದು ನನ್ನ ಕಿವಿಗೇ ಬಾಯಿಟ್ಟು ಹೇಳಿದರು. “ಚೀರಬ್ಯಾಡ್ರಿ ಮಾಲಕ್ರ. ಚೀರಿದ್ರ ಏನೂ ಆಗೂದಿಲ್ಲ. ತುಟಿ ನೋಡ್ರಿ, ತುಟಿ. ಅರ್ಧ ಮಾತು ತುಟಿಮ್ಯಾಲ ಇರ್ತೈತಿ.”

ಇವರು ಇಷ್ಟು ವರ್ಷ ಹೇಗೆ ಸಾಗಿಸಿದರು ಎನ್ನುವ ಗುಟ್ಟು ನನಗೆ ಮೋಡದ ಮೇಲೆ ತಿಳಿಯಿತು.

ಕಾರ್ಲನ ಊರು

ಆ ಊರಿನ ಹೆಸರಿನಲ್ಲಿ ಒತ್ತಕ್ಷರಗಳೇ ಹೆಚ್ಚು, ಸ್ವರ ಕಡಿಮೆ. ನನ್ನ ನಾಲಿಗೆ ಅದಕ್ಕೆ ಬಗ್ಗಲಿಲ್ಲ. ಅಂಕಲಿಯಷ್ಟು ದೊಡ್ಡದು. ನಡುವೆ ಚೌಕ, ಚೌಕಕ್ಕೊಂದು ಚರ್ಚು, ಕಿಟಕಿಗೊಂದು ಹೂವಿನ ಕುಂಡ.

ಮೊದಲು ಎದುರಾದದ್ದು ಕಾರ್ಲನ ತಾಯಿಯ ಊಟ. ಅಜ್ಜಿಗೆ ಎಂಬತ್ತು ದಾಟಿರಬೇಕು. ಅತಿಥಿಗಳಿಗೆಂದು ಮಗನಿಂದ ಒಂದೇ ಒಂದು ಕನ್ನಡ ಶಬ್ದ ಕಲಿತಿದ್ದಳು: ಸಾಕು. ಜರ್ಮನರ ನಾಲಿಗೆಯಲ್ಲಿ ‘ಸ’ ಹೊರಡುವುದು ‘ಝ’ ಆಗಿ. ಕ್ರಿಕೆಟ್ ಚೆಂಡಿನಂಥ ಆಲೂಗಡ್ಡೆಯ ಉಂಡೆಯೊಂದನ್ನು ಸೌಟಿನಲ್ಲಿ ಹಿಡಿದು ಮಾಸ್ತರಿಗೆ “ಝಾಕು?” ಎಂದಳು. ಮಾಸ್ತರು “ಹಾಕು, ಹಾಕು” ಎಂದು ತಟ್ಟೆ ಚಾಚಿದರು. ಐದನೆಯ ಉಂಡೆಗೆ ಅವರ ಕಣ್ಣಲ್ಲಿ ನೀರು ಬಂತು. ಅಜ್ಜಿಯ ಕಣ್ಣಲ್ಲೂ ಬಂತು, ಸಂತೋಷಕ್ಕೆ.

ಮರುದಿನ ಮಧ್ಯಾಹ್ನ ಉಂಡೆ ಅರಗಲೆಂದು ಅಂಗಳದಲ್ಲಿ ತಾಲೀಮು ಇಟ್ಟುಕೊಂಡೆವು. ನಾನು ಡ್ರಮ್ಮಿಗೆ ಮೂರು ಪೆಟ್ಟು ಕೊಟ್ಟಿದ್ದೆನೋ ಇಲ್ಲವೋ, ಬೇಲಿಯ ಮೇಲೆ ನೆರೆಮನೆಯ ಹೆಂಗಸಿನ ತಲೆ ಎದ್ದಿತು. ಅವಳು ಬೈಯಲಿಲ್ಲ, ಕೂಗಲಿಲ್ಲ. ಕೈಗಡಿಯಾರಕ್ಕೆ ಬೆರಳು ತೋರಿಸಿ ಇಳಿದುಹೋದಳು. ಕಾರ್ಲ್ ಓಡಿ ಬಂದ. ಮಧ್ಯಾಹ್ನ ಎರಡು ತಾಸು ಆ ಊರಲ್ಲಿ ಗೋಡೆಗೆ ಮೊಳೆಯನ್ನೂ ಹೊಡೆಯುವಂತಿಲ್ಲವಂತೆ!

ನಾನು ನಮ್ಮೂರನ್ನು ನೆನೆದೆ. ಮಧ್ಯಾಹ್ನ ಮಲಗಿದವನ ಒಂದು ಕಿವಿಗೆ ಹಿಟ್ಟಿನ ಗಿರಣಿ, ಇನ್ನೊಂದು ಕಿವಿಗೆ ಕೂಸಿಗೆ ಹೆಸರಿಡುವ ಬಾರಸೆಯ ಲೌಡ್‌ಸ್ಪೀಕರು. ಎರಡೂ ನಿಂತರೆ ನಮಗೆ ಎಚ್ಚರವಾಗುತ್ತದೆ: ‘ಏನಾತು? ಕರೆಂಟ್ ಹೋತೇನು?’

ಹಾಡುವವರಿಲ್ಲದ ಆರ್ಕೆಸ್ಟ್ರಾ

“ನಾಳೆ ನಿಮ್ಮನ್ನು ಆರ್ಕೆಸ್ಟ್ರಾಕ್ಕೆ ಕರೆದುಕೊಂಡು ಹೋಗುತ್ತೇನೆ, ಪಟ್ಟಣದಲ್ಲಿ ನನ್ನ ತಂಗಿ ನುಡಿಸುತ್ತಾಳೆ” ಎಂದ ಕಾರ್ಲ್. ನಮ್ಮ ಹುಡುಗರಿಗೆ ಖುಷಿಯೋ ಖುಷಿ. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಗೊತ್ತಲ್ಲ: ಗಣಪತಿ ಹಬ್ಬದಲ್ಲಿ ಬೆಳ್ಳಿ ಚುಕ್ಕಿ ಅಂಗಿಯ ಗಾಯಕ, ಬಣ್ಣದ ದೀಪ, ಮೈಕಿನಲ್ಲಿ ಪ್ರತಿ ಮಾತೂ ಮೂರು ಸಲ ಕೇಳುವ ಏರ್ಪಾಡು, ನಡುವೆ ಒಬ್ಬ ಮಿಮಿಕ್ರಿಯವನು. ಸಿದ್ರಾಮ ತಲೆಗೆ ಎಣ್ಣೆ ಹಚ್ಚಿ, ಎದ್ದು ಕುಣಿಯಬೇಕಾದೀತೆಂದು ಬಿಗಿ ಪ್ಯಾಂಟು ಹಾಕಿದ. ನಾನು ಹೊಸ ಚಪ್ಪಲಿ ಮೆಟ್ಟಿದೆ.

ಒಳಗೆ ಹೋದರೆ ದೇವಸ್ಥಾನದ ಗರ್ಭಗುಡಿಯ ಹಾಗೆ ಮೌನ. ಎಂಬತ್ತು ಜನ ವಾದ್ಯ ಹಿಡಿದು ಕುಳಿತಿದ್ದಾರೆ. ಕಡ್ಡಿ ಹಿಡಿದ ಮುಖ್ಯಸ್ಥ ಕೈ ಎತ್ತಿದ್ದಾನೆ. ಪಿಟೀಲುಗಳು ಇರುವೆ ನಡೆದಂತೆ ಶುರುಮಾಡಿವೆ. ನಾವು ಕುರ್ಚಿ ಹುಡುಕುತ್ತ ನಡೆದೆವು. ಕರ್ರ್. ಕರ್ರ್. ಕರ್ರ್.

ಕಡ್ಡಿ ನಿಂತಿತು. ಎಂಬತ್ತು ತಲೆಗಳು ತಿರುಗಿದವು. ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಬರಿಗಾಲಲ್ಲಿ ಬೆಕ್ಕಿನಂತೆ ನಡೆದು ಕುಳಿತೆ. ಅವರೆಲ್ಲ ನೆಲಕ್ಕೆ ಕಾಲು ಬಡಿದರು. ಹೊಡೆಯಲು ಬರುತ್ತಾರೆಂದು ನಾನು ಎದ್ದುನಿಂತೆ. ಅದು ಅವರ ಚಪ್ಪಾಳೆಯಂತೆ.

ಅರ್ಧ ತಾಸಾಯಿತು, ಯಾರೂ ಹಾಡಲಿಲ್ಲ. ಸಿದ್ರಾಮ ಪಿಸುಗುಟ್ಟಿದ: “ಹಾಡಾವಂದು ಬಸ್ ತಪ್ಪಿರಬೇಕ್ರಿ.”

ಆಮೇಲೆ ಒಮ್ಮೆಲೇ ಹಿಂದಿನ ಸಾಲಿನ ಟ್ರಂಪೆಟ್ಟುಗಳು ಬಾಯಿಬಿಟ್ಟವು. ಅಬ್ಬಬ್ಬಾ! ಮೈಕಿಲ್ಲ, ಕರೆಂಟಿಲ್ಲ, ಎದೆಯ ಎಲುಬು ನಡುಗಿತು. ನಮ್ಮ ಸಪ್ಪಳಕ್ಕೆ ಸಡ್ಡು ಹೊಡೆಯುವ ಸಪ್ಪಳ ಈ ಮೊಳೆ ಹೊಡೆಯದವರ ನಾಡಿನಲ್ಲೂ ಇದೆ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಟ್ರಂಪೆಟ್ಟಿನ ಬಾಯಿಗೆ ಸರಿಯಾಗಿ ಮುಂದೆ ಕುಳಿತಿದ್ದವಳೇ ಕಾರ್ಲನ ತಂಗಿ. ಉರ್ಸುಲಾ ಅವಳ ಹೆಸರು. ಮಾಸ್ತರು ಆಗಲೇ ಉರುಸಬಾಯಿ ಎಂದು ಕರೆಯತೊಡಗಿದ್ದರು. ಒನಕೆಯಷ್ಟು ಉದ್ದದ ಮರದ ಕೊಳವೆಯನ್ನು ಊದುತ್ತಿದ್ದಳು.

ಮಾಸ್ತರು ನನ್ನ ತೊಡೆ ಚಿವುಟಿದರು. “ಮಾಲಕ್ರ, ಆಕೀ ಕಿವಿ ನೋಡ್ರಿ! ಹತ್ತಿ! ಆ ಬಾಜೂದವಗೂ ಐತಿ. ಅರೇ, ಇವರೂ ಅತ್ತರ್ ಶೋಕಿ ಮಂದಿ!”

ನೋಡಿದೆ. ಹೌದು, ಹಳದಿ ಬಣ್ಣದ ಹತ್ತಿಯಂಥದ್ದು, ಸಾಲಿನ ತುಂಬ.

ಬಿಡುವು ಸಿಕ್ಕಿದ್ದೇ ತಡ, ಮಾಸ್ತರು ಹೋಗಿ ಸಲಾಮು ಮಾಡಿ, ಉರುಸಬಾಯಿಯ ಕಿವಿಯ ಹತ್ತಿರ ಮೂಗು ಒಯ್ದು ಗಂಭೀರವಾಗಿ ಮೂಸಿದರು. ಇನ್ನೊಮ್ಮೆ ಮೂಸಿದರು. “ವಾಸನಿ ಹೋಗೇತಿ ತಂಗಿ, ಹಳೇದಾಗೇತಿ” ಎಂದು ಮರುಗಿ, ಕೋಟಿನ ಕಿಸೆಯಿಂದ ತಮ್ಮ ಅತ್ತರಿನ ಶೀಸೆ ತೆಗೆದರು.

ಪರದೇಶದಲ್ಲಿ ಅಪರಿಚಿತ ಹೆಂಗಸರ ಕಿವಿ ಮೂಸಬೇಡಿ. ಇದು ಎಷ್ಟನೆಯ ಸಲಹೆಯೋ ಲೆಕ್ಕ ತಪ್ಪಿದೆ. ಆದರೆ ಉರುಸಬಾಯಿ ದೊಡ್ಡ ಮನಸ್ಸಿನವಳು. ಕಾರ್ಲ್ ಉಸಿರುಕಟ್ಟುವಂತೆ ನಗುತ್ತ ವಿಷಯ ತಿಳಿಸಿದ ಮೇಲೆ, ಅವಳು ಡಬ್ಬಿಯಿಂದ ಹೊಸ ಜೋಡಿಯೊಂದನ್ನು ತೆಗೆದು ಮಾಸ್ತರಿಗೆ ಕೊಟ್ಟಳು. ಮೆತ್ತಗಿನ ಸ್ಪಂಜಿನ ಬೆಣೆ. ಮಾಸ್ತರು ಅದಕ್ಕೆ ಅತ್ತರು ಸವರಿ, ಭಕ್ತಿಯಿಂದ ಕಿವಿಯ ಮೇಲಿನ ಮಡಿಕೆಗೆ ಸಿಕ್ಕಿಸಿಕೊಂಡರು.

“ನೈನ್, ನೈನ್,” ಎಂದಳು ಅವಳು, ಅಂದರೆ ಹಾಗಲ್ಲ. ಇನ್ನೊಂದನ್ನು ಬೆರಳಿನಲ್ಲಿ ಹೊಸೆದು ಊದುಬತ್ತಿಯಷ್ಟು ಸಣ್ಣ ಮಾಡಿ, ಮಾಸ್ತರ ಕಿವಿಯ ಮೇಲ್ಭಾಗ ಹಿಡಿದೆತ್ತಿ, ತೂತಿನ ಒಳಗೇ ಕೂರಿಸಿದಳು. ಅದು ಒಳಗೆ ಉಬ್ಬಿತು. ಮಾಸ್ತರ ಕಣ್ಣು ದೊಡ್ಡವಾದವು.

ಅವಳು ಜರ್ಮನಿನಲ್ಲಿ ಹೇಳಿದ್ದನ್ನು ಕಾರ್ಲ್ ಇಂಗ್ಲಿಷಿಗೆ ತಂದ, ನಾನು ಕನ್ನಡಕ್ಕೆ ತಂದೆ, ದಾರಿಯಲ್ಲಿ ಎಷ್ಟು ಸೋರಿತೋ ಗೊತ್ತಿಲ್ಲ. ಸಾರ ಇಷ್ಟು: ಸಂಗೀತವೇ ಇರಲಿ, ಕಾರ್ಖಾನೆಯೇ ಇರಲಿ, ಕಿವಿಗೆ ಸಪ್ಪಳ ಸಪ್ಪಳವೇ. ಇಂಪಾಗಿದೆ ಎಂದು ಅದು ರಿಯಾಯಿತಿ ಕೊಡುವುದಿಲ್ಲ. ಟ್ರಂಪೆಟ್ಟಿನ ಮುಂದೆ ಕೂರುವವರ ಬೆನ್ನ ಹಿಂದೆ ಪಾರದರ್ಶಕ ಹಲಗೆ ನಿಲ್ಲಿಸುತ್ತಾರೆ, ಜಾಗ ಅದಲುಬದಲು ಮಾಡುತ್ತಾರೆ, ಜೋರಿನ ಭಾಗಕ್ಕೆ ಬೆಣೆ ಹಾಕುತ್ತಾರೆ. ಆದರೂ ಹಲವರ ಕಿವಿ ಹೋಗಿವೆ. ಮತ್ತು ಹಲವರು ಅದನ್ನು ಮುಚ್ಚಿಡುತ್ತಾರೆ.

“ನಾನೂ ಮುಚ್ಚಿಟ್ಟಿದ್ದೆ,” ಎಂದಳು ಉರುಸಬಾಯಿ. “ಎಡಗಿವಿ. ಎರಡು ವರ್ಷ. ಕೆಲಸ ಹೋಗುತ್ತದೆಂಬ ಹೆದರಿಕೆ.” ಆಮೇಲೆ ಮಾಸ್ತರ ಕಡೆ ತಿರುಗಿ ತನ್ನ ತುಟಿಗೆ ಬೆರಳಿಟ್ಟಳು. “ನೀವು ಬಂದಾಗಿನಿಂದ ನನ್ನ ಕಣ್ಣು ನೋಡಿಲ್ಲ, ತುಟಿ ನೋಡುತ್ತಿದ್ದೀರಿ. ನಾನೂ ಹಾಗೇ ಮಾಡುತ್ತಿದ್ದೆ.”

ನಾನು ಅದನ್ನು ಕನ್ನಡಕ್ಕೆ ತರಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಆದರೆ ಬೆರಳಿಗೆ ಭಾಷಾಂತರ ಬೇಕಿಲ್ಲ. ಮಾಸ್ತರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಈ ಬಾಯಿ ಸಿಐಡಿ ಅದಾಳ್ರಿ,” ಎಂದರು ಸಣ್ಣ ದನಿಯಲ್ಲಿ.

ಕಿವಿ ಹೋದರೆ ಕೆಲಸ ಹೋದೀತೆಂದು ಅವರು ಕೊನೆಗೆ ಕಿವಿ ಮುಚ್ಚಲು ಕಲಿತರು. ನಾವು ಬಾಯಿ ಮುಚ್ಚಿದ್ದೆವು.

ಕಿವಿಯ ಡಾಕ್ಟರು

ಉರುಸಬಾಯಿ ತಾನು ತೋರಿಸಿಕೊಳ್ಳುವ ಕಿವಿಯ ಡಾಕ್ಟರ ಹತ್ತಿರ ನಮ್ಮಿಬ್ಬರನ್ನು, ಮಾತು ದಾಟಿಸಲು ಕಾರ್ಲನನ್ನೂ ಕೂಡಿಸಿ, ಕಳಿಸಿದಳು. ಬಾಗಿಲಲ್ಲಿ ಕುಳಿತ ಹೆಂಗಸು ಪುಸ್ತಕ ನೋಡಿ, ಮೂರು ವಾರ ಜಾಗವಿಲ್ಲ ಎಂದಳು. ನನಗೆ ಊರಿಗೆ ಬಂದಷ್ಟು ಆನಂದವಾಯಿತು. ‘ಇಲ್ಲ’ ಎಂದಳಲ್ಲ, ಇನ್ನು ಮಾತು ಶುರು! ಮಾಸ್ತರಿಗೆ ಕಣ್ಸನ್ನೆ ಮಾಡಿದೆ. ಅವರು ಪೆಟ್ಟಿಗೆ ಬಿಚ್ಚಿ, ಕಾದು ಕುಳಿತವರ ನಡುವೆ ನಿಂತು, ನಮ್ಮ ಕಡೆ ಹೆಣ್ಣು ಒಪ್ಪಿಸುವಾಗ ನುಡಿಸುವ ರಾಗವೊಂದನ್ನು ಮೆಲ್ಲಗೆ ಎತ್ತಿದರು. ಒಳಬಾಗಿಲು ತೆರೆದು ಡಾಕ್ಟರರ ಬೋಳುತಲೆ ಹೊರಬಂತು. ರಾಗ ಮುಗಿಯುವ ತನಕ ಒಳಹೋಗಲಿಲ್ಲ. ಸರದಿಯಲ್ಲಿದ್ದ ಅಜ್ಜನೊಬ್ಬ ತನ್ನ ಸರದಿಯನ್ನೇ ಬಿಟ್ಟುಕೊಟ್ಟ.

ಮಾಸ್ತರನ್ನು ಕಪಾಟಿನಂಥ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಇಟ್ಟು, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ನಾನು ಗಾಜಿನ ಆಚೆ ನಿಂತಿದ್ದೆ. ಮಾಸ್ತರು ಒತ್ತಿದರು, ಒತ್ತಿದರು, ಒತ್ತುತ್ತಲೇ ಹೋದರು. ಡಾಕ್ಟರು ಸದ್ದು ಸಣ್ಣ ಮಾಡಿದರು, ಮಾಸ್ತರು ಒತ್ತಿದರು. ಇನ್ನೂ ಸಣ್ಣ ಮಾಡಿದರು, ಒತ್ತಿದರು. ಡಾಕ್ಟರ ಹುಬ್ಬು ಮೇಲೇರಿತು. ಇಂಥ ಕಿವಿ ತಾನು ಕಂಡಿಲ್ಲವೆಂದರು. ನನ್ನ ಎದೆ ಕುಣಿಯಿತು: ಹಾಗಾದರೆ ತಪ್ಪು ಚಪ್ಪಲಿಯದೇ!

ಆಗ ಡಾಕ್ಟರು ಯಂತ್ರದಿಂದ ಕೈ ತೆಗೆದು ಎದೆಯ ಮೇಲೆ ಕಟ್ಟಿಕೊಂಡರು. ಸದ್ದೇ ಇಲ್ಲ. ಮಾಸ್ತರು ಒತ್ತಿದರು. ಮತ್ತೆ ಒತ್ತಿದರು. ನಾನು ಅವರ ಪಾದ ನೋಡಿದೆ. ಹೆಬ್ಬೆರಳು ನೆಲಕ್ಕೆ ತಾಳ ಹಾಕುತ್ತಿತ್ತು. ಡಾಕ್ಟರು ಸದ್ದು ಕೊಡುವ ಅಂತರ ಹಿಡಿದುಕೊಂಡು ಮಾಸ್ತರು ತಾಳಕ್ಕೆ ಸರಿಯಾಗಿ ಗುಂಡಿ ಒತ್ತುತ್ತಿದ್ದರು!

ಹೊರಗೆ ಕರೆದು ಕೇಳಿದರೆ, “ಎರಡ ಸಲ ಕೇಳಿತ್ರಿ, ಮುಂದಿಂದು ಲಯದಾಗ ಬಂತು,” ಎಂದರು. ಡಾಕ್ಟರು ಮೇಜು ಬಡಿದು ನಕ್ಕರು. ಆಮೇಲೆ ತಾಳ ತಪ್ಪಿಸಿ ತಪ್ಪಿಸಿ ಸದ್ದು ಕೊಟ್ಟರು. ಈ ಸಲ ಮಾಸ್ತರ ಕೈ ಬಹಳ ಹೊತ್ತು ಸುಮ್ಮನಿತ್ತು. ಗಾಜಿನೊಳಗಿಂದ ನನ್ನ ತುಟಿ ನೋಡುತ್ತಿದ್ದರು. ನಾನು ಬಾಯಿ ಬಿಗಿಹಿಡಿದು ನಿಂತಿದ್ದೆ.

ಕಾಗದದ ಮೇಲೆ ಗೆರೆಯೊಂದು ಬಂತು. ಗುಡ್ಡದ ಮೇಲಿನ ಚಿಕ್ಕೋಡಿಯಿಂದ ಹೊರಟು ಕೃಷ್ಣಾ ದಂಡೆಗೆ ಇಳಿದ ದಾರಿಯಂತಿತ್ತು. ದಪ್ಪ ಸದ್ದುಗಳು ಗುಡ್ಡದ ಮೇಲೆ ಕ್ಷೇಮ. ತೆಳು ಸದ್ದುಗಳು ಹೊಳೆಗೆ ಬಿದ್ದಿವೆ. ಸ್ಸ್ ಎನ್ನುವಂಥ ಸದ್ದುಗಳೇ ಮೊದಲು ಹೋಗುವವು ಎಂದರು ಡಾಕ್ಟರು. ನಾನು ಸಾಕು ಮತ್ತು ಹಾಕು ಕಥೆ ಹೇಳಿದೆ. ಅವರು ಆ ಎರಡೂ ಶಬ್ದವನ್ನು ಬರೆದುಕೊಂಡರು. ಅಥಣಿ ಚಪ್ಪಲಿಯ ತೆಳ್ಳನೆಯ ಕರ್ರ್ ಕೂಡ ಅದೇ ಹೊಳೆಯಲ್ಲಿತ್ತು.

“ಔಷಧ ಕೊಡ್ರಿ,” ಎಂದೆ.

ಇಲ್ಲ ಎಂದರು. ಹೋದದ್ದು ಬರುವುದಿಲ್ಲ.

“ಪೂರಾ ಬ್ಯಾಡ. ಅರ್ಧ ಬರೂವಂಗ ಮಾಡ್ರಿ.” ಇಲ್ಲ. “ಪಾವ ಭಾಗ?” ಇಲ್ಲ. “ಒಂದು ‘ಸ’ ಅಷ್ಟ ಕೊಡ್ರಿ ಸಾಹೇಬ್ರ, ಉಳಿದದ್ದು ನಾವು ನೋಡ್ಕೊಂತೀವಿ.”

ಡಾಕ್ಟರು ನನ್ನ ಹೆಗಲ ಮೇಲೆ ಕೈ ಇಟ್ಟರು. ಇಷ್ಟು ವರ್ಷದಲ್ಲಿ ‘ಇಲ್ಲ’ ಎನ್ನುವಲ್ಲಿಗೆ ನನ್ನ ಮಾತು ನಿಂತದ್ದು ಅದೇ ಮೊದಲು. ಆ ನೂರಾರು ಮದುವೆಗಳಲ್ಲಿ ಮಾಸ್ತರ ಬೆನ್ನಿಗೆ ಡ್ರಮ್ಮು ಬಡಿದದ್ದು ನಾನೇ ಎಂಬುದು ಅಲ್ಲಿ ನೆನಪಾಯಿತು.

ಮಾಸ್ತರೇ ಮುಂದಿನ ಮಾತು ಕೇಳಿದರು. “ಉಳದದ್ದು ಎಷ್ಟ ದಿನ ಬಾಳಿಕಿ ಬರ್ತೈತಿ?”

ಕಾಯ್ದುಕೊಂಡರೆ ನೀವಿರುವ ತನಕ, ಎಂದರು ಡಾಕ್ಟರು. ವಯಸ್ಸಿನ ಪಾಲು ವಯಸ್ಸು ತೆಗೆದುಕೊಳ್ಳುತ್ತದೆ; ಸಪ್ಪಳದ ಪಾಲನ್ನು ನೀವು ಕೊಡಬೇಡಿ. ಜೋರಿದ್ದಾಗ ಬೆಣೆ ಹಾಕಿ, ನಡುನಡುವೆ ಕಿವಿಗೆ ವಿಶ್ರಾಂತಿ ಕೊಡಿ, ತುತ್ತೂರಿಯವರನ್ನು ಕುತ್ತಿಗೆಯಿಂದ ದೂರ ಇಡಿ. ಹತ್ತಿಯಿಂದ ಪ್ರಯೋಜನವಿಲ್ಲ.

“ಅತ್ತರ್?” ಎಂದರು ಮಾಸ್ತರು.

ಅದು ಮೂಗಿಗೆ ಒಳ್ಳೆಯದು, ಎಂದರು ಡಾಕ್ಟರು. ಮಾಸ್ತರು ಎಷ್ಟು ನಕ್ಕರೆಂದರೆ ಟೋಪಿ ಬಿತ್ತು.

ಚೌಕ

ಹಬ್ಬದ ಬೆಳಿಗ್ಗೆ ನಮ್ಮ ಬ್ಯಾಂಡಿನವರನ್ನೆಲ್ಲ ಕೂರಿಸಿಕೊಂಡು ಮಾಸ್ತರು ತಾವೇ ಬಾಯಿಬಿಟ್ಟರು. “ನೋಡ್ರಪಾ, ನಿಮ್ಮ ಮುಂದ ಒಂದ ಮಾತ ಹೇಳಬೇಕು. ನನ್ನ ಕಿವಿ ಅರ್ಧ ಹೋಗ್ಯಾವು.”

ಎಲ್ಲರೂ ಚಾವಣಿ ನೋಡಿದರು. ಸಿದ್ರಾಮ ಕೆಮ್ಮಿದ. “ಅದು ನಮಗ ಗೊತ್ತೈತಿ ಕಾಕಾ.”

“ಗೊತ್ತೈತಿ? ಯಾವಾಗಿಂದ?”

“ಐದ ವರ್ಷಾತು. ಹಾಡ ಬದಲ ಮಾಡೂಮುಂದ ನಾವು ನಿಮಗ ಕೈಸನ್ನಿ ಮಾಡಾಕತ್ತೀವಲ್ಲ, ಸುಮ್ನ ಕೈ ಆಡಸ್ತೀವಿ ಅಂತ ತಿಳದೀರೇನು? ಆ ದಿನ ಕಾಗವಾಡದಾಗ ಬಿಸಲು ಕಣ್ಣಿಗೆ ಹೊಡೀತು, ನೀವು ನೋಡಲಿಲ್ಲ.”

“ಮತ್ತ ಹೇಳಲಿಲ್ಲ ಯಾಕಲೇ?”

“ನಿಮಗ ಬ್ಯಾಸರಾದೀತು ಅಂತ.” ತುಸು ತಡೆದು ಅವನೇ ಹೇಳಿದ: “ನನಗೂ ಮದುವಿ ಮುಗದ ಮ್ಯಾಲ ಎರಡ ದಿನ ಕಿವ್ಯಾಗ ಸೀಟಿ ಹೊಡದಂಗ ಆಗ್ತೈತ್ರಿ.”

ಗುಟ್ಟು ಕಾಯುತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ಎಂಟು ಜನರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಕಾಯುತ್ತಿದ್ದರು!

ಚೌಕಕ್ಕೆ ಬಂದ ಮೇಲೆ ನನ್ನ ಕೆಲಸ. ಟ್ರಂಪೆಟ್ಟಿನವರನ್ನು ಮಾಸ್ತರ ಬೆನ್ನಿನಿಂದ ಎಬ್ಬಿಸಬೇಕು. ಸಿದ್ರಾಮ ಒಪ್ಪಲಿಲ್ಲ, ಹಿಂದೆ ಸರಿದರೆ ಮರ್ಯಾದೆ ಹೋಗುತ್ತದಂತೆ. “ಹಿಂದ ಅಲ್ಲಲೇ, ಮ್ಯಾಲ! ಚರ್ಚಿನ ಪಾವಟಿಗಿ ಮ್ಯಾಲ ನಿಂದ್ರಸ್ತೀನಿ. ಫೋಟೊದಾಗ ಎಲ್ಲಾರ ತಲಿಮ್ಯಾಲ ನೀನ ಕಾಣಸ್ತಿ” ಎಂದೆ. ಮಾತು ಮುಗಿಯುವ ಮೊದಲೇ ಮೆಟ್ಟಿಲು ಏರಿದ. ಅವರ ಟ್ರಂಪೆಟ್ಟು ಈಗ ಮಾಸ್ತರ ತಲೆಯ ಮೇಲಿಂದ ಹಾಯುತ್ತಿತ್ತು. ಕಾರ್ಲನ ನೂರು ಜನರನ್ನು ಚೌಕದ ಆ ಬದಿಗೆ, ಮಾಸ್ತರಿಗೆ ಎದುರಾಗಿ ನಿಲ್ಲಿಸಿದೆ. ಇದಕ್ಕೆ ಒಂದು ಜೊತೆ ಚಪ್ಪಲಿ ಖರ್ಚಾಯಿತು. ನನ್ನ ಡ್ರಮ್ಮನ್ನು ನಾನೇ ಹತ್ತು ಹೆಜ್ಜೆ ಆಚೆ ಒಯ್ದೆ. ಬಾಕಿ ಚಪ್ಪಲಿಗಳನ್ನು ಉರುಸಬಾಯಿಯ ಗೆಳೆಯರಿಗೆ ಕೊಟ್ಟು, ಸ್ಪಂಜಿನ ಬೆಣೆಯ ಎರಡು ದೊಡ್ಡ ಡಬ್ಬಿ ಪಡೆದಿದ್ದೆ. ಎಲ್ಲರ ಕಿವಿಗೂ ತುಂಬಿದೆ. ಮಾಸ್ತರು ತಮ್ಮವಕ್ಕೆ ಹೊರಗಿನ ತುದಿಗೆ ಒಂದು ಹನಿ ಅತ್ತರು ಹಚ್ಚಿಕೊಂಡರು. ಅದಕ್ಕೆ ಡಾಕ್ಟರ ವಿರೋಧವಿರಲಿಲ್ಲ.

ನಾನು ಕೆಂಪು ಕರವಸ್ತ್ರ ಬೀಸಿದೆ. ಮಾಸ್ತರು ಶುರುಮಾಡಿದರು. ಚೌಕ ತುಂಬಿದ ಜನ, ಕಿಟಕಿ ತುಂಬಿದ ಜನ, ಕೈಗಡಿಯಾರ ತೋರಿಸಿದ ಆ ನೆರೆಯ ಹೆಂಗಸೂ ಮುಂದಿನ ಸಾಲಿನಲ್ಲಿ. ಕ್ಲಾರಿನೆಟ್ಟು ಒಂಟಿಯಾಗಿ ಮೇಲೇರಿ ಚರ್ಚಿನ ಶಿಖರ ಮುಟ್ಟಿ ಇಳಿಯುವಷ್ಟರಲ್ಲಿ, ಎದುರಿನ ನೂರು ಜನ ಅದನ್ನು ಗಾಳಿಯಲ್ಲೇ ಹಿಡಿದುಕೊಂಡರು. ಒಂದು ಮಾತ್ರೆ ಆಚೀಚೆ ಆಗಲಿಲ್ಲ. ಲಯದಲ್ಲಿ ಬಂತು!

ಮುಗಿದ ಮೇಲೆ ಜನ ಏನೋ ಒಂದು ಶಬ್ದ ಹಿಡಿದು ಕೂಗತೊಡಗಿದರು. ಮಾಸ್ತರು ಬೆಣೆ ತೆಗೆದು ನನ್ನ ಕಡೆ ನೋಡಿದರು. “ಏನಂತಾರ್ರಿ? ಸಾಕಂತಾರೋ ಹಾಕಂತಾರೋ?” ನನಗೂ ಗೊತ್ತಿಲ್ಲ. ಆಗ ಆ ಬದಿಯಿಂದ ಕಾರ್ಲ್ ತನ್ನ ಹಂಡೆಯನ್ನು ಕೆಳಗಿಟ್ಟು, ಸಕ್ಕರೆ ಕಾರ್ಖಾನೆಯಲ್ಲಿ ಕಲಿತ ಕನ್ನಡವನ್ನೆಲ್ಲ ಒಟ್ಟುಗೂಡಿಸಿ, ಬಾಯನ್ನು ಬಾವಿಯಷ್ಟು ತೆರೆದು ಕೂಗಿದ: “ಹಾಆಆಕ್ ಲೇ, ಮಾಸ್ತರಾ!”

ಅಷ್ಟು ದೊಡ್ಡ ‘ಹಾ’ ಯಾರ ತುಟಿಯ ಮೇಲೂ ತಪ್ಪುವಂತಿರಲಿಲ್ಲ. ಮಾಸ್ತರು ಇನ್ನೂ ಎರಡು ಹಾಕಿದರು.

ಅಥಣಿ

ಊರಿಗೆ ಬಂದ ಮೇಲಿನ ಮೊದಲ ಮದುವೆ ಅಥಣಿಯಲ್ಲಿ. ಗಿರಾಕಿಗೆ ನಾನು ಕೊಗನೊಳ್ಳಿ ನಾಕಾದ ಮಾತು ಹೇಳಲಿಲ್ಲ. “ಜರ್ಮನಿಗೆ ಹೋಗಿ ಬಂದ ಬ್ಯಾಂಡ್ರಿ, ಕಿವೀಗೆ ಹಿತ ಆಗ್ತೈತಿ” ಎಂದೆ. ಒಪ್ಪಿದರು. ಹಳೆಯ ಭರವಸೆಗಿಂತ ಇದೇ ಚೆನ್ನಾಗಿ ನಡೆಯುತ್ತಿದೆ. ದಂಧೆಯವರು ಬೇಕಾದರೆ ಇದನ್ನೂ ಸಲಹೆ ಎಂದು ಇಟ್ಟುಕೊಳ್ಳಬಹುದು. ಟ್ರಂಪೆಟ್ಟಿನವರು ಈಗ ಎತ್ತಿನ ಬಂಡಿ ಏರಿ ನುಡಿಸುತ್ತಾರೆ. ಮದುಮಗನಿಗಿಂತ ಸಿದ್ರಾಮನೇ ಎತ್ತರಕ್ಕೆ ಕಾಣುತ್ತಾನೆ ಎಂಬ ಒಂದು ತಕರಾರು ಬಿಟ್ಟರೆ ಎಲ್ಲ ಸುಸೂತ್ರ.

ಮೆರವಣಿಗೆ ಮಂಟಪಕ್ಕೆ ಮುಟ್ಟಿತು. ಮಾಸ್ತರು ಕಿವಿಯಿಂದ ಹಳದಿ ಬೆಣೆ ತೆಗೆದು ಕಿಸೆಗಿಟ್ಟುಕೊಂಡರು. ಕಿವಿಯ ವಿಶ್ರಾಂತಿಯ ಹೊತ್ತು. ವರನ ಗೆಳೆಯರು ಬಿಡಬೇಕಲ್ಲ. ಸುತ್ತುವರಿದು ಕೂಗಿದರು: “ಇನ್ನೊಂದ ಹಾಕ್ರಿ ಮಾಸ್ತರ! ಹಾಕ್ರಿ, ಹಾಕ್ರಿ!”

ಮಾಸ್ತರು ಕಿವಿಗೆ ಕೈ ಹಚ್ಚಿ, ಅತ್ಯಂತ ವಿನಯದಿಂದ ಕೇಳಿದರು: “ಏನ್ರಿ? ಸಾಕ್ರೀ? ಆತ್ ಬಿಡ್ರಿ, ಸಾಕಂದ್ರ ಸಾಕು.” ಕ್ಲಾರಿನೆಟ್ಟನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು.

ವರನ ಕಾಕಾ ನನ್ನ ಬಳಿ ಬಂದ. “ಏನ್ರಿ ಮಾಲಕ್ರ, ನಿಮ್ಮ ಮಾಸ್ತರಗ ಕಿವಿ ಕೇಳಾಂಗಿಲ್ಲೇನು?”

“ಅರ್ಧ ಕೇಳ್ತಾವ್ರಿ,” ಎಂದೆ. “ಯಾವ ಅರ್ಧ ಅಂತ ಅವರ ಆರಿಸ್ಕೊಂತಾರ.”

ಊಟಕ್ಕೆ ಕುಳಿತೆವು. ಗೋಧಿ ಹುಗ್ಗಿ. ಎರಡು ಸಲ ಬಡಿಸಿ ಹೋದವನು ಮೂರನೆಯ ಸಲ ಸೌಟು ಹಿಡಿದು ನಿಂತು, ಎಲೆ ನೋಡಿ, “ಸಾಕಲ್ರಿ ಮಾಸ್ತರ? ಸಾಕಲ್ಲ?” ಎಂದು ಮುಂದೆ ಹೆಜ್ಜೆ ಇಟ್ಟ.

ಮಾಸ್ತರು ಅವನ ತುಟಿಯನ್ನು ನೋಡಲೇ ಇಲ್ಲ. ಎಲೆಯನ್ನು ಮುಂದಕ್ಕೆ ಸರಿಸಿ, “ಹಾಕ್ರಿ, ಹಾಕ್ರಿ” ಎಂದರು.